ಆಡಿಷನ್‌ಗೆ ಯಾವ ಹಾಡು: ಅಮ್ಮನ ದೇವರನಾಮವೋ, ಮೇಲಿನ ಸ್ವರದ ಸಿನಿಮಾ ಹಾಡೋ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು, ವಯಸ್ಸು 22. ನಾಲ್ಕು ವರ್ಷ ಕರ್ನಾಟಕ ಸಂಗೀತ ಕಲಿತು ಬಿಟ್ಟಿದ್ದೇನೆ. ಬೆಂಗಳೂರಿನ ಒಂದು ತಂಡ ಹೊಸ ಕನ್ನಡ ಸಂಗೀತ ನಾಟಕಕ್ಕೆ ಮೈಸೂರಿನಲ್ಲಿ ಆಡಿಷನ್ ಇಟ್ಟುಕೊಂಡಿದೆ. "ನಿಮ್ಮ ಇಷ್ಟದ ಹಾಡು, ಒಂದು ನಿಮಿಷ" ಅಂತ ಮಾತ್ರ ಹೇಳಿದ್ದಾರೆ. ತುಂಬ ಮೇಲಿನ ಸ್ವರ ಇರುವ ಒಂದು ಹಳೇ ಸಿನಿಮಾ ಹಾಡು ಹಾಡಬೇಕು ಅಂತ ನನಗೆ ಆಸೆ. ಅಮ್ಮ ದೇವರನಾಮ ಹಾಡು ಅನ್ನುತ್ತಾರೆ. ಇಂಗ್ಲಿಷ್ ಮ್ಯೂಸಿಕಲ್ ಹಾಡು ಹಾಡಿದರೆ ಎದ್ದು ಕಾಣುತ್ತೀಯ ಅಂತ ಗೆಳತಿ ಹೇಳುತ್ತಾಳೆ. ಕೊಡವ ಹಾಡು ಹಾಡಬಹುದಾ? ಮನೆಯಲ್ಲಿ ಕೊಡವ ತಕ್ಕ್ ಆಡುವುದರಿಂದ ನನ್ನ ಕನ್ನಡದ ಉಚ್ಚಾರದ ಬಗ್ಗೆಯೂ ಭಯ ಇದೆ.

ಉತ್ತರ: ಅಮ್ಮ ಹೇಳಿದ್ದು ಹೆಚ್ಚು ಕಡಿಮೆ ಸರಿ. ಇದನ್ನು ಮೊದಲೇ ಹೇಳಿಬಿಟ್ಟರೆ ನೀವು ಮುಂದೆ ಓದುವುದಿಲ್ಲವೇನೋ, ಆದರೂ ಹೇಳಿದೆ. ಅವರು ಕೊಡುವ ಕಾರಣ ಬೇರೆ ಇರಬಹುದು, ನನ್ನ ಕಾರಣ ಬೇರೆ.

ಆಡಿಷನ್‌ಗಳಲ್ಲಿ ನಾನು ಕೂರುವುದು ಹಾರ್ಮೋನಿಯಂ ಹಿಂದೆ. ಅಲ್ಲಿಂದ ಹಾಡುವವರ ಒಂದು ಕಿವಿ, ಒಂದು ಕೆನ್ನೆ ಕಾಣುತ್ತದೆ. ಎದುರು ಮೇಜಿನ ಹಿಂದೆ ಕೂತವರ ಮುಖ ಪೂರ್ತಿ ಕಾಣುತ್ತದೆ. ಅದಕ್ಕೆ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹಾಡುವವರು ತಾರ ಸ್ಥಾಯಿಗೆ ಏರಿ ಆ ದೊಡ್ಡ ಸ್ವರವನ್ನು ಹಿಡಿದು ನಿಲ್ಲಿಸುತ್ತಾರಲ್ಲ, ಮೂರು ವಾರ ಅಭ್ಯಾಸ ಮಾಡಿದ ಸ್ವರ, ಆಗ ನಿರ್ದೇಶಕರು ಸಾಮಾನ್ಯವಾಗಿ ಕೈಯಲ್ಲಿರೋ ಹಾಳೆ ನೋಡುತ್ತಿರುತ್ತಾರೆ. ಮುಂದಿನವರ ಹೆಸರು ಏನು ಅಂತ. ಆದರೆ ಯಾರಾದರೂ ಒಂದು ಸಾಲನ್ನು, ಎದುರಿಗೆ ನಿಜವಾಗಿ ಒಬ್ಬರು ನಿಂತಿದ್ದಾರೆ ಅನ್ನೋ ಹಾಗೆ ಹೇಳಿದರೆ ತಲೆ ಮೇಲೇಳುತ್ತದೆ. ಅದು ಕೆಳಗಿನ ಸ್ವರದಲ್ಲಿ ಬಂದರೂ ಅಷ್ಟೇ.

ಅಂದ ಮೇಲೆ ಹಾಡು ಆರಿಸುವಾಗ ನೀವು ಕೇಳಬೇಕಾದ ಪ್ರಶ್ನೆ "ಇದರಲ್ಲಿ ನನ್ನ ಗಂಟಲು ಎಷ್ಟು ಚೆನ್ನಾಗಿ ಕಾಣುತ್ತದೆ" ಅನ್ನೋದಲ್ಲ. "ಈ ಹಾಡನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ, ಅವರಿಂದ ಏನು ಬೇಕಾಗಿದೆ" ಅನ್ನೋದು. ಜೊತೆಗೆ ಇನ್ನೊಂದಿದೆ, ಅದನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ನೀವು ಹಾಡಿ ಮುಗಿಸಿದ ಮೇಲೆ, ನಿಮ್ಮ ಮೇಲೆ ಸ್ವಲ್ಪ ಆಸೆ ಹುಟ್ಟಿದ್ದರೆ, ನಿರ್ದೇಶಕರು ಹೇಳುವ ಮಾತು ಒಂದೇ: "ಅದನ್ನೇ ಇನ್ನೊಂದು ಸಲ ಹಾಡಿ, ಈ ಸಲ ಸಿಟ್ಟಿನಲ್ಲಿ." ಇಲ್ಲಾ "ಮಗು ಮಲಗಿದೆ, ಎಚ್ಚರ ಆಗಬಾರದು, ಹಾಗೆ ಹಾಡಿ." ಅಸಲಿ ಪರೀಕ್ಷೆ ಶುರುವಾಗೋದು ಅಲ್ಲಿಂದ. ಆಗ ಬಾಗುವ ಹಾಡು ನಿಮ್ಮ ಕೈಯಲ್ಲಿರಬೇಕು.

ಬಾಗುವುದು ಅಂದರೇನು? ನಾನೇ ಈಗ ಒಂದು ಸಾಲು ಕಟ್ಟುತ್ತೇನೆ. "ನಾಳೆ ಬರ್ತೀನಂದೆ, ಯಾವ ನಾಳೆ ಅಂತ ಹೇಳಲೇ ಇಲ್ಲ." ದೊಡ್ಡ ಕವಿತೆ ಏನಲ್ಲ. ಇದನ್ನು ಬಿಟ್ಟುಹೋದ ಪ್ರೀತಿಯವನಿಗೆ ಹೇಳಿ ನೋಡಿ. "ಅಂದೆ" ಅನ್ನೋ ಪದದ ಮೇಲೆ ಭಾರ ಬೀಳುತ್ತದೆ, ನೀನು ತಾನೇ ಹೇಳಿದ್ದು ಅನ್ನೋ ಹಾಗೆ. ಈಗ ಅದನ್ನೇ ಮಳೆಗಾಲದಲ್ಲಿ ಕರೆಂಟ್ ಹೋಗಿ ಮೂರು ದಿನದಿಂದ ಕಾಯಿಸುತ್ತಿರುವ ವೈರಿಂಗ್‌ನವನಿಗೆ ಹೇಳಿ. ಭಾರ "ಯಾವ" ಮೇಲೆ ಹೋಗುತ್ತದೆ, ಕೇಳುವವರಿಗೆ ನಗು ಬರುತ್ತದೆ. ಇನ್ನೊಂದು ಸಲ, ಮಾರ್ಚ್ ತಿಂಗಳಲ್ಲಿ ಕಾಫಿ ತೋಟದಲ್ಲಿ ನಿಂತು, ಕಾಫಿ ಹೂ ಅರಳಿಸುವ ಹೂಮಳೆ ಬಾರದ ಆಕಾಶಕ್ಕೆ ಹೇಳಿ. ಈಗ ಯಾವ ಪದದ ಮೇಲೂ ಭಾರ ಇಲ್ಲ, ದನಿಯೇ ಇಳಿದುಹೋಗುತ್ತದೆ. ರಾಗ ಅದೇ, ತಾಳ ಅದೇ, ಸಾಲೂ ಅದೇ. ಮೂರು ಬೇರೆ ಮನುಷ್ಯರು. ನೀವು ಆರಿಸಿದ ಹಾಡಿನ ಒಂದು ಸಾಲನ್ನು ಹೀಗೆ ಮೂವರಿಗೆ ಹೇಳಲು ಬರದಿದ್ದರೆ ಆ ಹಾಡು ಎಷ್ಟೇ ಚೆನ್ನಾಗಿದ್ದರೂ ಆಡಿಷನ್‌ಗೆ ಬೇಡ.

ಈಗ ನಿಮ್ಮ ಸಿನಿಮಾ ಹಾಡಿಗೆ ಬರೋಣ. ಅದರಲ್ಲಿ ಎರಡು ತೊಂದರೆ. ಒಂದು, ಎಲ್ಲರಿಗೂ ಗೊತ್ತಿರುವ ಹಳೇ ಹಾಡು ಅಂದರೆ ಮೇಜಿನ ಹಿಂದೆ ಕೂತ ಪ್ರತಿಯೊಬ್ಬರ ತಲೆಯಲ್ಲೂ ಎಸ್. ಜಾನಕಿಯೋ ಇನ್ನೊಬ್ಬರೋ ಆಗಲೇ ಹಾಡುತ್ತಿರುತ್ತಾರೆ. ನೀವು ಅವರ ಜೊತೆ ಸ್ಪರ್ಧೆಗೆ ಇಳಿದಿರುತ್ತೀರಿ, ಸುಮ್ನೆ. ಎರಡನೆಯದು ಲೆಕ್ಕದ ತೊಂದರೆ. ಸಿನಿಮಾ ಹಾಡಿನಲ್ಲಿ ಪಲ್ಲವಿ ಎರಡು ಸಲ ಬರುತ್ತದೆ, ಆಮೇಲೆ ವಯಲಿನ್, ಕೊಳಲು, ಮತ್ತೆ ವಯಲಿನ್. ನಿಮ್ಮ ಒಂದು ನಿಮಿಷ ಅಲ್ಲೇ ಖರ್ಚು. ನಿಮ್ಮ ಆ ಮೇಲಿನ ಸ್ವರ ಬಹುಶಃ ಎರಡನೇ ಚರಣದಲ್ಲಿ ಇರುತ್ತದೆ, ಅದರವರೆಗೆ ತಲುಪುವುದೇ ಇಲ್ಲ.

ಮೇಲಿನ ಸ್ವರದ ಮೋಹ ನಮ್ಮ ರಂಗಭೂಮಿಗೆ ಹೊಸದಲ್ಲ ಬಿಡಿ. ಕಂಪೆನಿ ನಾಟಕದ ಕಾಲದಲ್ಲಿ ಮೈಕ್ ಇರಲಿಲ್ಲ. ಟೆಂಟಿನ ಕೊನೇ ಸಾಲಿಗೆ, ಬೀಡಿ ಸೇದುತ್ತಾ ಕೂತವನಿಗೂ ಪದ ಕೇಳಬೇಕಿತ್ತು, ಅದಕ್ಕೆ ಅಷ್ಟು ಎತ್ತರದ ಶ್ರುತಿ. ಅವರಿಗೆ ಅದು ಬೇಕೇ ಬೇಕಿತ್ತು. ಈಗ ಕೆನ್ನೆಗೆ ಅಂಟಿಸುವ ಮೈಕ್ ಬಂದಿದೆ, ಆದರೆ ಎತ್ತರ ಹಾಡಿದವರೇ ದೊಡ್ಡ ಹಾಡುಗಾರರು ಅನ್ನೋ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಹಾಗಾದರೆ ನಿಮ್ಮ ಶ್ರುತಿ ಯಾವುದು? ಇದಕ್ಕೆ ನನ್ನದೊಂದು ತೋಟದ ವಿಧಾನ ಇದೆ. ಮನೆಯಿಂದ ಹೊರಗೆ ಬಂದು, ಇಳಿಜಾರಿನ ಆ ತುದಿಯಲ್ಲಿ ಮೆಣಸು ಕೊಯ್ಯುತ್ತಿರುವವರನ್ನು ಊಟಕ್ಕೆ ಕರೆಯಿರಿ. ಕಿರುಚಬೇಡಿ, ಕರೆಯಿರಿ. ಅವರಿಗೆ ಪದ ಅರ್ಥ ಆಗುವ ಹಾಗೆ. ಆ ಕೂಗು ನಿಂತ ಜಾಗದ ಸ್ವರವನ್ನು ಫೋನಿನ ಹಾರ್ಮೋನಿಯಂ ಆ್ಯಪಿನಲ್ಲಿ ಹುಡುಕಿ. ನಿಮ್ಮ ಮಾತಿನ ದನಿ ಗಟ್ಟಿಯಾಗಿ, ಎದೆಯಿಂದ ಬರುವ ಎತ್ತರ ಅದು. ಹಾಡಿನ ಮುಖ್ಯ ಸಾಲು ಅದರ ಆಸುಪಾಸಿನಲ್ಲಿ ಇರಲಿ. ಅದಕ್ಕಿಂತ ಬಹಳ ಮೇಲೆ ಹೋದರೆ ದನಿ ತೆಳುವಾಗಿ ಕಳ್ಳದನಿಗೆ ಜಾರುತ್ತದೆ, ಪದ ಮಸುಕಾಗುತ್ತದೆ. ಇನ್ನು ಹಾಡಿನ ಅತಿ ಎತ್ತರದ ಸ್ವರ, ಅದು ನೀವು ಮನೆಯಲ್ಲಿ ಹಿಡಿಯಬಲ್ಲ ಕೊನೆಯ ಸ್ವರಕ್ಕಿಂತ ಹಾರ್ಮೋನಿಯಂನ ಎರಡು ಮನೆಯಾದರೂ, ಅಂದರೆ ಎರಡು ಕೀಲಿಯಾದರೂ, ಕೆಳಗಿರಬೇಕು. ಆಡಿಷನ್ ದಿನ ಎದೆ ಡವಡವ ಅನ್ನುತ್ತಿರುವಾಗ ಆ ಎರಡು ಮನೆ ತಾನಾಗಿಯೇ ಮಾಯವಾಗುತ್ತವೆ.

ಶ್ರುತಿ ಹೇಳುವ ಭಾಷೆಯಲ್ಲೂ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಸಂಗೀತದ ಕ್ಲಾಸಿನಲ್ಲಿ ಐದೂವರೆ ಶ್ರುತಿ ಅನ್ನುತ್ತಾರಲ್ಲ, ನಾಟಕದ ಹಾರ್ಮೋನಿಯಂನವರಿಗೆ ಅದು "ಕಪ್ಪು ನಾಲ್ಕು", ಅಂದರೆ ನಾಲ್ಕನೇ ಕಪ್ಪು ಮನೆ. ಒಂದೂವರೆ ಅಂದರೆ ಅವರಿಗೆ "ಕಪ್ಪು ಒಂದು". ಆರು ಅಂದರೆ "ಬಿಳಿ ಆರು". ನನ್ನ ಮೊದಲ ಆಡಿಷನ್‌ನಲ್ಲಿ ನಾನು ಗತ್ತಿನಲ್ಲಿ "ಎರಡು" ಅಂದೆ. ಮಾಸ್ಟರು ಕಪ್ಪು ಎರಡು ಒತ್ತಿದರು. ನನಗೆ ಬೇಕಿದ್ದದ್ದು ಬಿಳಿ ಎರಡು. ಅರ್ಧ ಸ್ವರ ಅಷ್ಟೇ ಮೇಲೆ, ಏನು ಮಹಾ ಅಂತ ಶುರು ಮಾಡಿದೆ. ಮೂರನೇ ಸಾಲಿನ ತುದಿಯಲ್ಲಿ ಗಂಟಲು ಒಡೆದು, ಬಾಗಿಲಲ್ಲಿ ನಿಂತಿದ್ದ ಹುಡುಗರು ನಕ್ಕರು. ಆಮೇಲೆ ಇನ್ನೂ ಕೆಟ್ಟದ್ದಾಯಿತು. ನಿರ್ದೇಶಕರು ಪಾಪ ಕರುಣೆಯಿಂದ "ಪರವಾಗಿಲ್ಲ, ಅದನ್ನೇ ಕಾಗದ ಓದೋ ಥರ ಹಾಡಿ" ಅಂದರು. ನನ್ನ ಹಾಡಿನಲ್ಲಿ ಆಲಾಪ, ಸ್ವರ, ಪದವಿಲ್ಲದ ತಾನ ಬಿಟ್ಟರೆ ಹೇಳುವುದಕ್ಕೆ ಮಾತೇ ಇರಲಿಲ್ಲ. ಕಾಗದದಲ್ಲಿ ಯಾರಾದರೂ ತಾನ ಬರೆಯುತ್ತಾರಾ?

ಒಂದು ನಿಮಿಷ ಅಂದರೆ ಎಷ್ಟು ಹಾಡು ಅಂತ ಸರಿಯಾಗಿ ಲೆಕ್ಕ ಹಾಕಿಕೊಳ್ಳಿ. ಬ್ರಾಡ್‌ವೇ ಕಡೆಯ ಆಡಿಷನ್‌ಗಳಲ್ಲಿ 16 ಬಾರ್ ಇಲ್ಲವೇ 32 ಬಾರ್ ಹಾಡಿ ಅನ್ನುತ್ತಾರೆ. ನಾಲ್ಕು ಎಣಿಕೆಯ 16 ಬಾರ್ ಅಂದರೆ 64 ಎಣಿಕೆ, ಎಂಟು ಎಣಿಕೆಯ ನಮ್ಮ ಆದಿತಾಳದಲ್ಲಿ ಸರಿಯಾಗಿ 8 ಆವರ್ತನ, ಅಂದರೆ ತಾಳದ 8 ಸುತ್ತು. ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಅದು 32 ಸೆಕೆಂಡ್. ನಿಧಾನಕ್ಕೆ, 80ರ ವೇಗದಲ್ಲಿ 48 ಸೆಕೆಂಡ್. ಅಂದರೆ ನಿಮ್ಮ ಒಂದು ನಿಮಿಷಕ್ಕೆ ಈ ನಿಧಾನದ ವೇಗದಲ್ಲಿ ಸಿಗುವುದು ಹತ್ತೇ ಆವರ್ತನ. ಆವರ್ತನಕ್ಕೊಂದು ಸಾಲು ಅಂತ ಹಿಡಿದರೂ ಹತ್ತು ಸಾಲು. ಅದರಲ್ಲಿ ಪಲ್ಲವಿಯನ್ನೇ ನಾಲ್ಕು ಸಲ ತಿರುವಿ ಹಾಕುತ್ತಾ ಕೂತರೆ ಏನು ಉಳಿಯಿತು? ಪಲ್ಲವಿ ಒಂದೇ ಸಲ, ನೇರ ಚರಣಕ್ಕೆ ಹೋಗಿ. ಎಷ್ಟೋ ಸಲ ಚರಣದಿಂದಲೇ ಶುರು ಮಾಡುವುದು ಒಳ್ಳೆಯದು, ಯಾಕೆಂದರೆ ಜಗಳ ಇರುವುದು ಅಲ್ಲಿ. ಕೊನೆಗೆ ಪಲ್ಲವಿಯ ಮೊದಲ ಸಾಲಿಗೆ ಬಂದು, ಮುಗಿಸಿ, ನಿಲ್ಲಿ. "ಇನ್ನೂ ಇದೆ ಸಾರ್, ಸಮಯ ಆಯಿತಾ?" ಅಂತ ನಡುವೆ ನಿಲ್ಲಿಸಬೇಡಿ. 50 ಸೆಕೆಂಡಿಗೆ ಮುಗಿದರೆ ಯಾರೂ ಬೈಯುವುದಿಲ್ಲ. 80 ಆದರೆ ಅರ್ಧದಲ್ಲೇ "ಸಾಕು" ಅಂತಾರೆ.

ದೇವರನಾಮ ಯಾಕೆ ಅಂತ ಈಗ ಹೇಳುತ್ತೇನೆ. ಭಕ್ತಿಗಾಗಿ ಅಲ್ಲ. ದಾಸರ ಎಷ್ಟೋ ಪದಗಳಲ್ಲಿ ಒಬ್ಬ ಮನುಷ್ಯ ದೇವರ ಎದುರು ನಿಂತು ಲೆಕ್ಕ ಕೇಳುತ್ತಾನೆ. ಬೈಯುತ್ತಾನೆ, ಗೋಗರೆಯುತ್ತಾನೆ, ಹಂಗಿಸುತ್ತಾನೆ. ಬೈಯುತ್ತಲೇ ಹೊಗಳುವ, ನಿಂದಾಸ್ತುತಿ ಅನ್ನುವ ಒಂದು ಜಾತಿಯ ಪದಗಳೇ ಇವೆ. ಅದಕ್ಕಿಂತ ಒಳ್ಳೆಯ ರಂಗಗೀತೆ ಎಲ್ಲಿ ಸಿಗುತ್ತದೆ ಹೇಳಿ? ಬಿ.ವಿ. ಕಾರಂತರು 'ಸತ್ತವರ ನೆರಳು' ನಾಟಕದಲ್ಲಿ ದಾಸರ ಪದಗಳನ್ನು ರಂಗದ ಮೇಲೆ ತಂದಾಗ ಜನಕ್ಕೆ ಗೊತ್ತಾಗಿದ್ದು ಇದೇ. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪೆನಿ ಸೇರಿದ್ದ ಮನುಷ್ಯ ಅವರು. ಪದ ಎಲ್ಲಿ ನಾಟಕ ಆಗುತ್ತದೆ ಅನ್ನುವುದು ಅವರ ಕಿವಿಗೆ ಗೊತ್ತಿತ್ತು.

ಆದರೆ ನೀವು ಕ್ಲಾಸಿನಲ್ಲಿ ಕಲಿತ ಹಾಗೆ ಹಾಡಬಾರದು. ಗಮಕ, ಅಂದರೆ ಸ್ವರವನ್ನು ಅಲ್ಲಾಡಿಸುವುದನ್ನು, ಮುಕ್ಕಾಲು ಪಾಲು ತೆಗೆದುಬಿಡಿ. ನಾಲ್ಕು ವರ್ಷ ಕಲಿತವರಿಗೆ ಇದು ಕಷ್ಟ, ಕೈ ಕಟ್ಟಿ ಹಾಕಿದ ಹಾಗೆ ಆಗುತ್ತದೆ. ಆದರೂ ತೆಗೆಯಿರಿ. ಅಲ್ಲಾಡುವ ಸ್ವರ ವ್ಯಂಜನವನ್ನು ತಿಂದುಹಾಕುತ್ತದೆ, ಪದ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಜೊತೆಗೆ ಎಲ್ಲರೂ ಹಾಡುವ ಆ ಐದಾರು ಪದಗಳನ್ನು ಬಿಟ್ಟು, ಅಮ್ಮನಿಗೆ ಮಾತ್ರ ನೆನಪಿರುವ ಯಾವುದಾದರೂ ಇದೆಯಾ ಕೇಳಿ. ಕಣ್ಣು ಮುಚ್ಚಿ ಹಾಡಬೇಡಿ. ಆ ಮೇಜಿನ ಹಿಂದಿನ ಗೋಡೆಯ ಮೇಲೆ, ಅವರ ತಲೆಗಿಂತ ಒಂದಡಿ ಮೇಲೆ, ನಿಮ್ಮ ದೇವರನ್ನು ನಿಲ್ಲಿಸಿಕೊಂಡು ಅವನಿಗೆ ಹಾಡಿ. ನಿರ್ದೇಶಕರ ಕಣ್ಣಿಗೆ ಕಣ್ಣಿಟ್ಟು ಹಾಡಿದರೆ ಅವರೂ ಪಾತ್ರ ಮಾಡಬೇಕಾಗುತ್ತದೆ, ಅದು ಅವರಿಗೆ ಕಿರಿಕಿರಿ.

ಭಾವಗೀತೆ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಮ್ಮ ಕೊಡಗಿನ ಹುಡುಗ ಹುಡುಗಿಯರು ಬೆಟ್ಟ, ಮಂಜು, ಮಳೆ, ಹೊಳೆಯ ಹಾಡಿನ ಕಡೆ ತಾವಾಗಿಯೇ ವಾಲುತ್ತಾರೆ. ಚಂದವಾಗಿಯೂ ಹಾಡುತ್ತಾರೆ. ಆದರೆ ಬರೀ ವರ್ಣನೆಯ ಹಾಡಿನಲ್ಲಿ ನಿಂತು ಮಾಡುವುದೇನು? ಕಿಟಕಿ ಕಡೆ ಕೈ ತೋರಿಸೋದು. ಎದುರಿಗೆ ಯಾರೂ ಇಲ್ಲದ ಹಾಡು ಆಡಿಷನ್‌ಗೆ ಆಗಿಬರುವುದಿಲ್ಲ.

ಇಂಗ್ಲಿಷ್ ಹಾಡು ಬೇಡ. ಕನ್ನಡ ನಾಟಕ ಮಾಡುವವರಿಗೆ ನಿಮ್ಮ ಬಾಯಲ್ಲಿ ಕನ್ನಡ ಹೇಗೆ ಬರುತ್ತದೆ ಅಂತ ಕೇಳಬೇಕಿರುತ್ತದೆ. ಮುಂದೆ ಎಂದಾದರೂ ಇಂಗ್ಲಿಷ್ ಮ್ಯೂಸಿಕಲ್ ಆಡಿಷನ್‌ಗೆ ಹೋದರೆ ಆಗ ಒಂದು ನೆನಪಿಡಿ: ಅವರೇ ಕೇಳದಿದ್ದರೆ ಅದೇ ನಾಟಕದ ಹಾಡನ್ನು ಹಾಡುವ ವಾಡಿಕೆ ಇಲ್ಲ, ಅದೇ ಕಾಲದ, ಅದೇ ಶೈಲಿಯ ಬೇರೆ ನಾಟಕದ ಹಾಡು ತೆಗೆದುಕೊಂಡು ಹೋಗುತ್ತಾರೆ. ಈ ಮಾತು ಇಲ್ಲಿಗೂ ಸಲ್ಲುತ್ತದೆ. ತಂಡದವರಿಗೆ ಫೋನ್ ಮಾಡಿ ನಾಟಕ ಪೌರಾಣಿಕವೋ, ಜಾನಪದವೋ, ಈಗಿನ ಪೇಟೆಯ ಕಥೆಯೋ ಕೇಳಿ. ಹಾರ್ಮೋನಿಯಂ ಇರುತ್ತದಾ, ಕೀಬೋರ್ಡಾ, ಏನೂ ಇಲ್ಲವಾ ಅಂತಲೂ ಕೇಳಿ. ಕೇಳಿದರೆ ಚಿಕ್ಕವರಾಗುವುದಿಲ್ಲ. ಪೇಟೆಯ ಕಥೆ, ರಾಕ್ ಗಿಟಾರ್ ಅಂದರೆ ಆಗ ದೇವರನಾಮ ಬದಲಾಯಿಸಬೇಕಾಗುತ್ತದೆ, ಆದರೆ ಆರಿಸುವ ಕ್ರಮ ಬದಲಾಗುವುದಿಲ್ಲ.

ಕೊಡವ ಹಾಡು. ಇದನ್ನು ಕೇಳಿದ್ದಕ್ಕೆ ನನಗೆ ಖುಷಿಯಾಯಿತು. ನಮ್ಮ ಸಾಂಪ್ರದಾಯಿಕ ಬಾಳೊ ಪಾಟ್ ಹಾಡುವ ಆಸೆ ಇದ್ದರೆ ಯೋಚಿಸಿ. ಅದು ನಾಲ್ವರು ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ಹಾಡುವ ಹಾಡು, ಇಬ್ಬರು ಸಾಲು ಎತ್ತಬೇಕು, ಇನ್ನಿಬ್ಬರು ತಿರುಗಿಸಬೇಕು. ಒಬ್ಬರೇ ಹಾಡಿದರೆ ಒಂದು ಕಾಲಿನಲ್ಲಿ ನಡೆದ ಹಾಗೆ. ಮೇಲಾಗಿ ದೇವರಿಗೆ, ನಾಡಿಗೆ ಬಾಳೊ ಬಾಳೊ ಅಂತ ಹರಸುವಷ್ಟರಲ್ಲೇ ನಿಮ್ಮ ಒಂದು ನಿಮಿಷ ಮುಗಿದು, ಕಥೆ ಇನ್ನೂ ಐನ್‌ಮನೆಯ (ಕುಲದ ಮೂಲ ಮನೆ) ಅಂಗಳಕ್ಕೂ ಬಂದಿರುವುದಿಲ್ಲ. ಆದರೆ ನಮ್ಮಲ್ಲಿ ಇನ್ನೊಂದು ಗಂಟು ಇದೆ, ಅದನ್ನು ಬಿಚ್ಚುವವರು ಕಡಿಮೆ. ಹರದಾಸ ಅಪ್ಪಚ್ಚ ಕವಿ, 1868ರಿಂದ 1944ರವರೆಗೆ ಬಾಳಿದವರು, ಕೊಡವ ತಕ್ಕಿನಲ್ಲಿ ನಾಟಕ ಬರೆದರು. 'ಯಯಾತಿ' 1906ರಲ್ಲಿ ಬಂತು, 'ಕಾವೇರಿ' 1918ರಲ್ಲಿ. ಹಾಡು ತುಂಬಿದ ನಾಟಕಗಳು. ಅಲ್ಲಿಯ ಹಾಡನ್ನು ಒಂದು ಪಾತ್ರ ಇನ್ನೊಂದು ಪಾತ್ರಕ್ಕೆ ಹೇಳುತ್ತದೆ. ಅಂದರೆ ನೀವು ಹುಡುಕುತ್ತಿರುವ ಸಂಗೀತ ನಾಟಕ ನೂರು ವರ್ಷದ ಹಿಂದೆಯೇ ನಿಮ್ಮ ಮನೆ ಮಾತಿನಲ್ಲಿ ಇತ್ತು. ಅದರಿಂದ ಒಂದು ಹಾಡನ್ನು ಎರಡನೇ ಹಾಡಾಗಿ ಸಿದ್ಧ ಮಾಡಿಕೊಳ್ಳಿ. ಮೊದಲನೆಯದು ಕನ್ನಡದ್ದೇ ಇರಲಿ. "ಇನ್ನೇನಾದರೂ ಇದೆಯಾ?" ಅಂತ ಅವರು ಕೇಳಿದಾಗ, ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಅಂತ ಕನ್ನಡದಲ್ಲಿ ಒಂದೇ ವಾಕ್ಯ ಹೇಳಿ ಹಾಡಿ. ಭಾಷೆ ಗೊತ್ತಿಲ್ಲದವರೂ ಆಗ ನಿಮ್ಮ ಮುಖ ನೋಡುತ್ತಾರೆ, ಅದು ಲಾಭವೇ. ಮೊದಲ ಹಾಡು ಸಿಟ್ಟಿನದಾದರೆ ಇದು ತಣ್ಣಗಿನದಾಗಲಿ.

ಉಚ್ಚಾರದ ಭಯ ಅರ್ಧ ಬಿಡಿ. ನಮ್ಮ ಜಿಲ್ಲೆಯಲ್ಲಿ ಒಂದು ಮನೆಯಲ್ಲಿ ಕೊಡವ ತಕ್ಕ್, ಪಕ್ಕದ ಮನೆಯಲ್ಲಿ ಅರೆಭಾಷೆ, ಅದರಾಚೆ ತುಳು, ಮಲಯಾಳ. ಕನ್ನಡಕ್ಕೆ ಎಲ್ಲರದ್ದೂ ಒಂದೊಂದು ಬಣ್ಣ. ಆ ಬಣ್ಣ ಇರುವ ಪಾತ್ರ ಬೇಕಾದವರು ಅದನ್ನೇ ಇಷ್ಟಪಡುತ್ತಾರೆ. ಉಳಿದರ್ಧ ಭಯ ಕೆಲಸಕ್ಕೆ ಬರುತ್ತದೆ. ಹಾಡನ್ನು ರಾಗ ಇಲ್ಲದೆ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಮೈಸೂರು ಕಡೆಯ ಯಾರಾದರೂ ಸಂಬಂಧಿಕರಿಗೆ ಕಳಿಸಿ, ಅವರಿಗೆ ಎಲ್ಲಿ ಪದ ಸಿಕ್ಕಲಿಲ್ಲ ಅಂತ ಕೇಳಿ. ಮಹಾಪ್ರಾಣ ಬಿಟ್ಟುಹೋದರೆ ಭೂಮಿ ಮುಳುಗುವುದಿಲ್ಲ. ಸಾಲಿನ ಕೊನೆಯ ಪದ ನುಂಗಿಹೋದರೆ ಕಷ್ಟ. ಅಲ್ಲಿ ಉಸಿರು ಮುಗಿದಿರುತ್ತದೆ, ತಪ್ಪು ನಾಲಿಗೆಯದಲ್ಲ.

ಹಾರ್ಮೋನಿಯಂನವರ ಜೊತೆ ಹೇಗಿರಬೇಕು ಅಂತ ಹೇಳದೆ ಬಿಟ್ಟರೆ ನಮ್ಮ ಜಾತಿಗೆ ಮೋಸ ಮಾಡಿದ ಹಾಗೆ. ಒಳಗೆ ಬಂದ ಕೂಡಲೇ ಮೇಜಿನವರಿಗೆ ನಮಸ್ಕಾರ ಮಾಡಿ ನೇರ ನಮ್ಮ ಹತ್ತಿರ ಬನ್ನಿ. ಒಂದು ಚೀಟಿ ಕೊಡಿ. ಅದರಲ್ಲಿ ಶ್ರುತಿ ಕಪ್ಪೋ ಬಿಳಿಯೋ, ತಾಳ, ಎಲ್ಲಿಂದ ಶುರು, ಪಲ್ಲವಿ ಎಷ್ಟು ಸಲ, ಎಲ್ಲಿ ಮುಗಿಯುತ್ತದೆ, ಇಷ್ಟು ಬರೆದಿರಲಿ, ಕೆಳಗೆ ಸಾಹಿತ್ಯ. ವೇಗ ಹೇಳಲು ಚಿಟಿಕೆ ಹಾಕಬೇಡಿ, ಅದನ್ನು ಕಂಡರೆ ನನಗಂತೂ ಮೈ ಉರಿಯುತ್ತದೆ. ಮೊದಲ ಸಾಲನ್ನು ಮೆಲ್ಲಗೆ ಗುನುಗಿ, ಸಾಕು, ವೇಗ ಸಿಕ್ಕಿಬಿಡುತ್ತದೆ. ನಡುವೆ ತಪ್ಪಿದರೆ ನಮ್ಮ ಕಡೆ ತಿರುಗಿ ಗುರಾಯಿಸಬೇಡಿ. ನೀವು ಮುಂದೆ ಹೋಗಿ, ನಾವು ಹಿಂದೆಯೇ ಓಡಿ ಬರುತ್ತೇವೆ. ಟ್ರ್ಯಾಕ್ ಮೇಲೆ ಹಾಡಿದರೆ ಈ ಓಡಿ ಬರುವವರು ಇರುವುದಿಲ್ಲ. "ಸ್ವಲ್ಪ ನಿಧಾನಕ್ಕೆ ಹಾಡಿ" ಅಂದರೂ ಅದು ಕೇಳುವುದಿಲ್ಲ. ಹಾರ್ಮೋನಿಯಂ ಇಲ್ಲ ಅಂದರೆ ಬರೀ ದನಿಯಲ್ಲೇ ಹಾಡಿ, ಫೋನಿನಲ್ಲಿ ಶ್ರುತಿ ಒಮ್ಮೆ ಕೇಳಿಕೊಂಡು.

ಹೊರಡುವ ದಿನದ ವಿಷಯ ಜಾಸ್ತಿ ಇಲ್ಲ. ಕೊಡಗಿಗೆ ರೈಲಿಲ್ಲ, ನೀವು ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಬಸ್ಸಿನಲ್ಲೇ ಹೋಗಬೇಕು. ಕಿಟಕಿ ಗಾಳಿಗೆ ಗಂಟಲು ಒಣಗುತ್ತದೆ, ನೀರು ಕುಡಿಯುತ್ತಾ ಇರಿ. ದಾರಿಯುದ್ದಕ್ಕೂ ಇಯರ್‌ಫೋನ್ ಹಾಕಿಕೊಂಡು ಆ ಹಾಡನ್ನೇ ಬೇರೆಯವರ ದನಿಯಲ್ಲಿ ಕೇಳಬೇಡಿ, ಮೈಸೂರು ಸೇರುವ ಹೊತ್ತಿಗೆ ಅವರ ಹಾಗೇ ಹಾಡುತ್ತಿರುತ್ತೀರಿ. ಸಾಧ್ಯವಾದರೆ ಒಂದು ಗಂಟೆ ಮೊದಲು ತಲುಪಿ, ಎಲ್ಲಾದರೂ ಮರದ ಕೆಳಗೆ ಹಾಡನ್ನು ಎರಡು ಸಲ ಮಾತಾಗಿ ಹೇಳಿ, ಒಂದೇ ಸಲ ಹಾಡಿ.

ಕೊನೆಗೆ, ಈ ವಾರವೇ ಮಾಡಬೇಕಾದ ಕೆಲಸ. ಅಮ್ಮನನ್ನು ಕೂರಿಸಿಕೊಂಡು ಅವರಿಗೆ ಬರುವ ಎಲ್ಲ ಪದಗಳನ್ನೂ ಹೇಳಿಸಿ. ದೇವರ ಜೊತೆ ಜಗಳ ಇರುವ ಒಂದನ್ನು ಹಿಡಿಯಿರಿ. ಅದರ ಒಂದು ಸಾಲನ್ನು ದೇವರಿಗೆ, ವೈರಿಂಗ್‌ನವನಿಗೆ, ಮಳೆಗೆ, ಮೂವರಿಗೂ ಹೇಳಿ ನೋಡಿ. ಅಮ್ಮ ಎರಡನೆಯದಕ್ಕೆ ನಕ್ಕರೆ ಹಾಡು ಸಿಕ್ಕಿತು ಅಂತ ತಿಳಿಯಿರಿ. ನಕ್ಕ ಮೇಲೆ ಬೈದರೂ ಬೈಯಬಹುದು, ದೇವರನಾಮ ಅಲ್ವಾ.